ಹಂಚಿನ ಮನೆಯಲ್ಲಿ ಫ್ಲಾಶ್ ಬಳಸುವವರಿಗೆ

ನಮ್ಮ ಕಾಸರಗೋಡಿನ ಹಂಚಿನ ಮನೆಗಳಲ್ಲಿ ಫೋಟೋ ತೆಗೆಯುವಾಗ ಫ್ಲಾಶಿನ ತಲೆಯನ್ನು ಮೇಲಕ್ಕೆ ತಿರುಗಿಸಬೇಡಿ, ಪಕ್ಕಕ್ಕೆ ತಿರುಗಿಸಿ, ಅಲ್ಲಿ ಯಾರಾದರೂ ಒಂದು ಬಿಳಿ ಮುಂಡನ್ನು (ಪಂಚೆಯನ್ನು) ಎರಡು ಮಡಿಕೆ ಮಾಡಿ ಅಗಲಕ್ಕೆ ಹರಡಿ ಹಿಡಿಯಲಿ. ಮುಖದಿಂದ ಒಂದು ಮೀಟರ್ ದೂರ ಸಾಕು. ಬೆಳಕು ಬರುವ ಜಾಗ ದೊಡ್ಡದಾದಷ್ಟೂ, ಹತ್ತಿರ ಇದ್ದಷ್ಟೂ ನೆರಳು ಮೆದುವಾಗುತ್ತದೆ, ಇಲ್ಲಿ ಇಡೀ ಬಟ್ಟೆಯೇ ದೀಪ ಆಗುತ್ತದೆ ಅಲ್ವಾ. ಮೇಲಕ್ಕೆ ಹೊಡೆದರೆ ಹಂಚು, ಪಕ್ಕಾಸುಗಳು (ಹಂಚಿನ ಕೆಳಗಿನ ಮರದ ಪಟ್ಟಿಗಳು) ಅರ್ಧಕ್ಕಿಂತ ಜಾಸ್ತಿ ಬೆಳಕನ್ನು ನುಂಗಿ, ಉಳಿದದ್ದನ್ನು ಕೆಂಪು ಮಾಡಿ ಕಳಿಸುತ್ತವೆ. ಯಕ್ಷಗಾನದ ಚೌಕಿಯಲ್ಲಂತೂ, ಅಂದರೆ ಕಲಾವಿದರು ಬಣ್ಣ ಹಚ್ಚುವ ಜಾಗದಲ್ಲಿ, ಈ ಬಟ್ಟೆಯ ಉಪಾಯ ತುಂಬಾ ಚೆನ್ನಾಗಿ ಬರುತ್ತದೆ: ನೇರ ಫ್ಲಾಶಿಗೆ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖ ಚಪ್ಪಟೆ, ಕಿರೀಟದ ತುಂಬ ಬಿಳಿ ಚುಕ್ಕೆ, ಪಕ್ಕದ ಬೆಳಕಿಗೆ ಮುಖಕ್ಕೆ ಅಂಟಿಸುವ ಅಕ್ಕಿಹಿಟ್ಟಿನ ಚುಟ್ಟಿಯ ಒಂದೊಂದು ಮುಳ್ಳೂ ಎದ್ದು ಕಾಣುತ್ತದೆ, ಕಣ್ಣಲ್ಲೂ ಹೊಳಪು. ಕಲಾವಿದರನ್ನು ಕೇಳಿಯೇ ತೆಗೆಯಿರಿ, ಬಣ್ಣ ಹಚ್ಚುವಾಗ ತೊಂದರೆ ಕೊಡಬಾರದು. ಬೆಳಕು ಕಡಿಮೆಯಾಗುವುದರಿಂದ ಕ್ಯಾಮೆರಾದ ಐಎಸ್‌ಓ (ಬೆಳಕಿಗೆ ಸ್ಪಂದಿಸುವ ಮಟ್ಟ) 800ರ ಹತ್ತಿರ ಇಡಿ. ಬಣ್ಣದ ಬಟ್ಟೆ ಬೇಡ, ಆ ಬಣ್ಣ ಮುಖಕ್ಕೆ ಬರುತ್ತದೆ. ನಾಲ್ಕೈದು ಜನರ ಸಾಲಿಗೆ ಇದು ಆಗುವುದಿಲ್ಲ, ಬಟ್ಟೆ ಹತ್ತಿರದವರು ಬೆಳ್ಳಗೆ, ಆಚೆ ತುದಿಯವರು ಕಪ್ಪಗೆ. ತಲೆ ತಿರುಗದ, ಕ್ಯಾಮೆರಾದ ಜೊತೆಗೇ ಇರುವ ಫ್ಲಾಶಿಗೂ ನಡೆಯುವುದಿಲ್ಲ.