‘ನಿಮಗೇನನ್ನಿಸುತ್ತದೆ?’ ಎಂದು ವೈದ್ಯರು ಕೇಳಿದಾಗ

ಹೊರದೇಶಕ್ಕೆ ಬಂದ ಹೊಸತರಲ್ಲಿ ಮಂಡಿನೋವಿಗೆಂದು ಹೋದಾಗ ವೈದ್ಯರು ವ್ಯಾಯಾಮ, ಚುಚ್ಚುಮದ್ದು, ಶಸ್ತ್ರಚಿಕಿತ್ಸೆ ಎಂಬ ಮೂರು ದಾರಿಗಳನ್ನು ವಿವರಿಸಿ, ‘ನಿಮಗೇನನ್ನಿಸುತ್ತದೆ?’ ಎಂದು ಕೇಳಿದರು. ಹೇಳಬೇಕಾದವರೇ ಕೇಳುತ್ತಿದ್ದಾರಲ್ಲ, ಇವರಿಗೆ ವಿದ್ಯೆ ಸಾಲದೇನೋ ಎಂದುಕೊಂಡ ನಾನು, ‘ನಿಮಗೆ ಸರಿ ಕಂಡಂತೆ ಮಾಡಿ’ ಎಂದು ತಲೆಯಾಡಿಸಿ, ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಸಿಕೊಂಡು ಬಂದೆ. ಹೊಸದಾಗಿ ಬಂದವರಲ್ಲಿ ಅನೇಕರು ಇದೇ ತಪ್ಪು ಮಾಡುವುದನ್ನು ಆಮೇಲೆ ಕಂಡಿದ್ದೇನೆ.

ಆ ಪ್ರಶ್ನೆ ಅಜ್ಞಾನದ್ದಲ್ಲ. ಹಲವು ದೇಶಗಳಲ್ಲಿ ಅದು ವೈದ್ಯರ ಕರ್ತವ್ಯ. ಮಧುಮೇಹವಿದ್ದ ಗರ್ಭಿಣಿಯೊಬ್ಬರಿಗೆ ಸಹಜ ಹೆರಿಗೆಯಲ್ಲಿದ್ದ ಅಪಾಯವನ್ನು ತಿಳಿಸದಿದ್ದ ಪ್ರಕರಣದಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ, ರೋಗಿಗೆ ಮುಖ್ಯವೆನಿಸಬಹುದಾದ ಅಪಾಯಗಳನ್ನೂ ಬೇರೆ ದಾರಿಗಳನ್ನೂ ವೈದ್ಯರು ತಿಳಿಸಲೇಬೇಕೆಂದು ತೀರ್ಪಿತ್ತಿತು. ರೋಗದ ಬಗ್ಗೆ ವೈದ್ಯರಿಗೆ ಗೊತ್ತು. ಮೆಟ್ಟಿಲು ಹತ್ತುವ ಕೆಲಸ ನಿಮ್ಮದೋ, ಕುಳಿತು ಮಾಡುವುದೋ ಎಂಬುದು ನೀವು ಹೇಳಿದರೆ ಮಾತ್ರ ಅವರಿಗೆ ತಿಳಿಯುತ್ತದೆ.

ಆದ್ದರಿಂದ ಯಾವುದೇ ಚಿಕಿತ್ಸೆಗೆ ಒಪ್ಪುವ ಮುನ್ನ ಅದರಿಂದ ಲಾಭವೇನು, ಅಪಾಯವೇನು, ಬೇರೆ ದಾರಿ ಯಾವುದು, ಸದ್ಯಕ್ಕೆ ಏನೂ ಮಾಡದಿದ್ದರೆ ಏನಾಗುತ್ತದೆ ಎಂದು ಕೇಳಿ. ನಮ್ಮವರು ಸಂಕೋಚದಿಂದ ನುಂಗಿಕೊಳ್ಳುವುದು ಕೊನೆಯ ಪ್ರಶ್ನೆಯನ್ನೇ. ತುರ್ತು ಸ್ಥಿತಿಯಲ್ಲದಿದ್ದರೆ ಅದಕ್ಕೆ ಸಿಗುವ ಉತ್ತರವೇ ಎಷ್ಟೋ ಸಲ ಹೆಚ್ಚು ಉಪಯುಕ್ತ.

ಅಂಕಿಗಳ ವಿಷಯದಲ್ಲಿ ಎಚ್ಚರವಿರಲಿ. ಒಂದು ಮಾತ್ರೆ ಅಪಾಯವನ್ನು ‘ಅರ್ಧಕ್ಕೆ ಇಳಿಸುತ್ತದೆ’ ಎಂದರೆ, ಅದು 100 ಜನರಲ್ಲಿ 40 ಮಂದಿಗಿದ್ದದ್ದು 20ಕ್ಕೆ ಇಳಿದದ್ದೂ ಆಗಬಹುದು, 2 ಇದ್ದದ್ದು 1ಕ್ಕೆ ಇಳಿದದ್ದೂ ಆಗಬಹುದು. ‘ನನ್ನಂಥ 100 ಜನ ಇದನ್ನು ತೆಗೆದುಕೊಂಡರೆ ಎಷ್ಟು ಮಂದಿಗೆ ಅನುಕೂಲ, ಎಷ್ಟು ಮಂದಿಗೆ ತೊಂದರೆ?’ ಎಂದೇ ಕೇಳಿ.

ಭಾಷೆ ಅಡ್ಡಿಯಾದರೆ ಭೇಟಿಯ ಹೊತ್ತು ಗೊತ್ತುಪಡಿಸುವಾಗಲೇ ದುಭಾಷಿ ಸಿಗುವರೇ ಎಂದು ವಿಚಾರಿಸಿ. ಮಕ್ಕಳನ್ನು ಆ ಕೆಲಸಕ್ಕೆ ಕೂರಿಸಬೇಡಿ, ತಾಯಿಯ ಗರ್ಭಕೋಶದ ಮಾತನ್ನು ಹತ್ತು ವರ್ಷದ ಮಗ ಹೇಗೆ ತಾನೇ ಹೇಳಿಯಾನು? ಹೆಂಡತಿಗೆ ಕೇಳಿದ ಪ್ರಶ್ನೆಗೆ ಗಂಡ ಉತ್ತರಿಸುವ ಅಭ್ಯಾಸವನ್ನೂ ಬಿಡುವುದು ಒಳ್ಳೆಯದು. ನಾವು ಮರ್ಯಾದೆಗೆಂದು ‘ಹೂಂ’ ಎಂದರೆ ವೈದ್ಯರು ಅದನ್ನು ಅರ್ಥವಾಯಿತೆಂದೂ ಒಪ್ಪಿಗೆಯೆಂದೂ ತಿಳಿಯುತ್ತಾರೆ. ಅದರ ಬದಲು, ‘ನನಗೆ ತಿಳಿದದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ’ ಎಂದು ನಿಮ್ಮ ಮಾತಿನಲ್ಲೇ ಒಮ್ಮೆ ಹೇಳಿಬಿಡಿ. ನುಂಗುತ್ತಿರುವ ಮಾತ್ರೆಗಳ ಹೆಸರು, ಪ್ರಮಾಣಗಳನ್ನು ಒಂದು ಚೀಟಿಯಲ್ಲಿ ಬರೆದೊಯ್ಯಿರಿ. ಗಿಡಮೂಲಿಕೆಯ ಔಷಧಗಳನ್ನು ಮುಚ್ಚಿಡಬೇಡಿ, ಅವುಗಳಲ್ಲಿ ಕೆಲವು ಇತರ ಮಾತ್ರೆಗಳ ಪರಿಣಾಮವನ್ನು ಬದಲಿಸಬಲ್ಲವು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಮೇಲೂ ಚಿಕಿತ್ಸೆ ಆರಂಭವಾಗುವ ಮುನ್ನ ಮನಸ್ಸು ಬದಲಿಸಬಹುದು. ಎರಡನೆಯ ಭೇಟಿಯಲ್ಲಿ ನಾನು ಮಾಡಿದ್ದು ಅದನ್ನೇ: ಕಾದರೆ ಹಾನಿಯುಂಟೇ ಎಂದು ಕೇಳಿದೆ, ಇಲ್ಲವೆಂದರು, ಶಸ್ತ್ರಚಿಕಿತ್ಸೆಯ ದಿನವನ್ನು ರದ್ದುಮಾಡಿಸಿ ವ್ಯಾಯಾಮದ ಹಾಳೆ ಹಿಡಿದು ಮನೆಗೆ ಬಂದೆ.