ಊದಿದ ಕೈ ಬಗ್ಗೆ ಹೇಳಿದೆ, ಮನೆ ಬಗ್ಗೆ ಹೇಳಲಿಲ್ಲ

ನಾನು ಮೈಸೂರಿನಲ್ಲಿ ಆಪ್ತಸಮಾಲೋಚಕಿ. ನನ್ನ ಹತ್ತಿರ ಬರುವವರಲ್ಲಿ ಮನೆ ನಡೆಸುವ ಹೆಂಗಸರು, ಕಾಲೇಜು ಮಕ್ಕಳು, ಗಂಡ ಹೆಂಡತಿ ಜೋಡಿಗಳು ಜಾಸ್ತಿ. ಕೆಲವು ವರ್ಷಗಳ ಹಿಂದೆ ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲುಗಳ ಕಾಯಿಲೆ ಶುರುವಾಯಿತು. ಅದರ ಬೆನ್ನಿಗೇ ಮದುವೆ ಮುರಿಯಿತು. ಎರಡೂ ನಡೆಯುತ್ತಿದ್ದ ಕಾಲದಲ್ಲೇ ಕ್ಲೈಂಟ್‌ಗಳನ್ನು ನೋಡುತ್ತಿದ್ದೆ. "ನಿಮಗೇ ಅಷ್ಟು ಕಷ್ಟ ಇರುವಾಗ ಬೇರೆಯವರ ಕಷ್ಟ ಹೇಗೆ ಕೇಳಿದ್ರಿ ಮೇಡಂ?" ಎಂದು ಈ ಕೆಲಸಕ್ಕೆ ಹೊಸದಾಗಿ ಬರುವವರು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕ್ಲೈಂಟ್‌ಗಳ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಕೆಲಸ ನಿಲ್ಲಿಸಬಹುದಿತ್ತಲ್ಲ ಎನ್ನುವವರಿಗೆ ಮೊದಲು ಉತ್ತರ. ಸ್ವಂತ ಪ್ರಾಕ್ಟೀಸ್ ಇರುವವರಿಗೆ ಸಂಬಳದ ರಜೆ ಇಲ್ಲ. ಬೇರೆ ಮನೆ ಮಾಡಿದ ಮೇಲೆ ಬಾಡಿಗೆಯೂ ನನ್ನದೇ, ಔಷಧಿ ಖರ್ಚೂ ನನ್ನದೇ. ಅದಕ್ಕಿಂತ ಹೆಚ್ಚಾಗಿ, ಅರ್ಧ ದಾರಿಯಲ್ಲಿದ್ದವರನ್ನು ಹಾಗೇ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಮನೆ ಚಿಂತೆಯನ್ನು ಬಾಗಿಲಾಚೆ ಬಿಟ್ಟು ಒಳಗೆ ಬನ್ನಿ ಎಂದು ನಮ್ಮಲ್ಲಿ ತರಬೇತಿ ಕೊಡುವಾಗ ಹೇಳುತ್ತಾರೆ. ನನಗೆ ಆ ಮಾತಿನಲ್ಲಿ ನಂಬಿಕೆ ಇಲ್ಲ. ಊದಿದ ಕೈಯನ್ನು ಬಾಗಿಲಾಚೆ ಬಿಡಲು ಆಗುತ್ತಾ? ನಿದ್ದೆಗೆಟ್ಟ ಕಣ್ಣನ್ನು? ಅವು ಒಳಗೆ ಬಂದೇ ಬರುತ್ತವೆ, ಎದುರಿಗೆ ಕೂತವರಿಗೆ ಕಂಡೇ ಕಾಣುತ್ತವೆ. ಅದರಲ್ಲಿ ಎಷ್ಟನ್ನು ಅವರ ಮುಂದೆ ಇಡಬೇಕು, ಉಳಿದದ್ದನ್ನು ಎಲ್ಲಿಗೆ ಒಯ್ಯಬೇಕು ಎಂದು ತೀರ್ಮಾನ ಮಾಡುವುದು ನಮ್ಮ ಕೆಲಸ.

ಕಾಯಿಲೆ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಉಳಿದದ್ದೆಲ್ಲ ಅದಕ್ಕೆ ಅಂಟಿಕೊಂಡಿದೆ. ಇದು ವಯಸ್ಸಾದವರಿಗೆ ಬರುವ ಮಂಡಿನೋವಲ್ಲ. ರೋಗದ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ಶಕ್ತಿಯೇ ಕೀಲುಗಳ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಸಾಮಾನ್ಯವಾಗಿ ಕೈಬೆರಳ ಗೆಣ್ಣು, ಮಣಿಕಟ್ಟು, ಕಾಲ್ಬೆರಳ ಬುಡ ಮೊದಲು ಊದುತ್ತವೆ. ಬೆಳಗ್ಗೆ ಎದ್ದಾಗ ಮುಷ್ಟಿ ಕಟ್ಟಲು ಆಗುವುದಿಲ್ಲ. ಹಲ್ಲುಜ್ಜುವ ಪೇಸ್ಟ್ ಒತ್ತಲು, ಬಾಟಲಿ ಮುಚ್ಚಳ ತಿರುಗಿಸಲು, ಹಿಂದೆ ಕೈಹಾಕಿ ಕುಪ್ಪಸ ಸರಿಮಾಡಿಕೊಳ್ಳಲು ಆಗುವುದಿಲ್ಲ. ಗಂಟೆಗಟ್ಟಲೆ ಹೀಗೆ ಬಿಗಿಯಾಗಿದ್ದು, ಓಡಾಡುತ್ತಾ ಓಡಾಡುತ್ತಾ ಸಡಿಲವಾಗುತ್ತದೆ. ಸಂಜೆ ಹೊತ್ತಿಗೆ ನೋಡಿದವರಿಗೆ ಇವಳಿಗೆ ಏನೂ ಆಗಿಲ್ಲ ಅನ್ನಿಸಬಹುದು.

ನನ್ನ ಮದುವೆಗೆ ದೊಡ್ಡ ಪೆಟ್ಟು ಬಿದ್ದದ್ದು ಇಲ್ಲಿ. "ಬೆಳಗ್ಗೆ ಒಂದು ಲೋಟ ಕಾಫಿ ಮಾಡಕ್ಕಾಗಲ್ಲ, ಸಂಜೆ ಆರು ಗಂಟೆಗೆ ಕ್ಲೈಂಟ್ ನೋಡೋಕೆ ಆಗುತ್ತೆ, ಅಲ್ವಾ?" ಎಂದು ನನ್ನ ಯಜಮಾನರು ಕೇಳುತ್ತಿದ್ದರು. ಅವರು ಕೆಟ್ಟವರು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅವರ ಕಣ್ಣಿಗೆ ಕಂಡದ್ದು ಅದೇ. ಮನೆಯವರ ಪಾಲಿಗೆ ಸಿಕ್ಕಿದ್ದು ಬೆಳಗಿನ ನಾನು, ಕ್ಲೈಂಟ್‌ಗಳ ಪಾಲಿಗೆ ಸಿಕ್ಕಿದ್ದು ಸಂಜೆಯ ನಾನು. ರಕ್ತದ ರಿಪೋರ್ಟ್‌ನಲ್ಲಿ ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ಏರಿದ್ದನ್ನು ತೋರಿಸಿದೆ, ಈ ಕಾಯಿಲೆ ಪತ್ತೆಗೆ ಮಾಡುವ ಆಂಟಿ ಸಿಸಿಪಿ ಪರೀಕ್ಷೆ ಪಾಸಿಟಿವ್ ಬಂದದ್ದನ್ನು ತೋರಿಸಿದೆ. ಕಾಗದ ನೋಡಿದರು, ನಂಬಿದರು. ಆದರೆ ಅಷ್ಟರೊಳಗೆ ನಮ್ಮಿಬ್ಬರ ನಡುವೆ ಹಳೆಯ ಲೆಕ್ಕಗಳೆಲ್ಲ ಎದ್ದು ಕೂತಿದ್ದವು. ಕಾಯಿಲೆ ಬರದಿದ್ದರೂ ಅವು ಎಂದಾದರೂ ಎದ್ದೇ ಏಳುತ್ತಿದ್ದವು ಅನ್ನಿಸುತ್ತದೆ. ಅದರ ವಿವರ ನಮ್ಮಿಬ್ಬರದು. ಇಲ್ಲಿ ಬೇಡ.

ಮೊದಲು ಬದಲಾಯಿಸಿದ್ದು ವೇಳಾಪಟ್ಟಿ. ಆಫೀಸಿಗೆ ಹೋಗುವ ಮುಂಚೆ ಬರುತ್ತಿದ್ದವರನ್ನೆಲ್ಲ ಸಂಜೆಗೆ ತಂದೆ. ಹನ್ನೊಂದೂವರೆಗೆ ಮೊದಲು ಯಾರನ್ನೂ ನೋಡುವುದಿಲ್ಲ ಎಂದು ಬರೆದು ಹಾಕಿದೆ. ಎರಡು ಸೆಷನ್ ನಡುವೆ ಅರ್ಧ ಗಂಟೆ ಬಿಟ್ಟೆ, ಏಕೆಂದರೆ ಒಂದೇ ಕಡೆ ಕೂತರೆ ಕೀಲು ಮತ್ತೆ ಬಿಗಿಯುತ್ತದೆ. ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ. ಈ ಕಾಯಿಲೆಗೆ ಅದನ್ನು ದಿನಾ ನುಂಗಿದರೆ ಜೀವಕ್ಕೇ ಅಪಾಯ. ಶನಿವಾರ ರಾತ್ರಿ ತೆಗೆದುಕೊಳ್ಳುತ್ತಿದ್ದೆ. ಭಾನುವಾರ ಹೊಟ್ಟೆ ತೊಳಸಿ ಮಲಗಿರುತ್ತಿದ್ದೆ. ಹಾಗಾಗಿ ಸೋಮವಾರ ಭಾರವಾದ ಕೇಸ್ ಇಟ್ಟುಕೊಳ್ಳುತ್ತಿರಲಿಲ್ಲ. ಈ ಔಷಧಿ ಪರಿಣಾಮ ಕಾಣಲು ಒಂದೂವರೆಯಿಂದ ಮೂರು ತಿಂಗಳು ಬೇಕು. ಲಿವರ್ ಟೆಸ್ಟ್, ರಕ್ತ ಪರೀಕ್ಷೆ ತಪ್ಪಿಸುವ ಹಾಗಿಲ್ಲ. ಆ ದಿನಗಳನ್ನೂ ಕ್ಲೈಂಟ್ ಡೈರಿಯಲ್ಲೇ ಬರೆದಿಟ್ಟೆ. ಬೇರೆ ಡೈರಿಯಲ್ಲಿ ಬರೆದರೆ ಕೆಲಸದ ಒತ್ತಡದಲ್ಲಿ ಅವು ಮುಂದಕ್ಕೆ ಹೋಗುತ್ತವೆ.

ನೋಟ್ಸ್ ಬರೆಯುವುದು ಕಷ್ಟವಾಯಿತು. ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ ಎಂದು ಕೆಲವರು ಹೇಳಿದರು. ಕ್ಲೈಂಟ್ ಹೇಳಿದ್ದು ನನ್ನ ದನಿಯಲ್ಲಿ ಫೋನಿನೊಳಗೆ ಕೂರುವುದು ನನಗೆ ಸರಿ ಕಾಣಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯನ್ನು ಚಿಕಿತ್ಸೆ ಪಡೆಯುವವರ ಹಕ್ಕು ಎಂದೇ ಹೇಳುತ್ತದೆ. ಪೆನ್ನಿಗೆ ದಪ್ಪ ರಬ್ಬರ್ ಹಿಡಿ ಹಾಕಿಕೊಂಡು, ಸೆಷನ್‌ಗೆ ನಾಲ್ಕೈದು ಸಾಲಿನಷ್ಟು ಬರೆದೆ. ಅಷ್ಟೇ ಸಾಕಾಯಿತು.

ಇನ್ನು ಕ್ಲೈಂಟ್‌ಗಳಿಗೆ ಹೇಳುವ ವಿಷಯ. ಕಾಯಿಲೆಯ ಬಗ್ಗೆ ಹೇಳಲೇಬೇಕಿತ್ತು. ಸಮಯ ಬದಲಾಗಿದೆ, ಕೈ ಊದಿದೆ, ಕುರ್ಚಿಯಿಂದ ಏಳುವಾಗ ಮುಖ ಹಿಂಡುತ್ತೇನೆ. ಹೇಳದಿದ್ದರೆ ಅವರು ತಮ್ಮದೇ ಕಾರಣ ಹುಡುಕಿಕೊಳ್ಳುತ್ತಾರೆ. ಮೇಡಂಗೆ ನನ್ನ ಮೇಲೆ ಬೇಜಾರು, ನನ್ನ ಮಾತು ಕೇಳಿ ಸಾಕಾಗಿದೆ ಅಂತ. ಎಲ್ಲರಿಗೂ ಒಂದೇ ಮಾತು ಹೇಳಿದೆ: "ನನಗೆ ಕೀಲುಗಳ ಕಾಯಿಲೆ ಇದೆ. ಚಿಕಿತ್ಸೆ ನಡೀತಿದೆ. ಬೆಳಗ್ಗೆ ಕೈಕಾಲು ಬಿಗಿಯಾಗಿರುತ್ತೆ, ಅದಕ್ಕೇ ಸಮಯ ಬದಲಾಯಿಸಿದೀನಿ. ಈ ಬಗ್ಗೆ ಏನಾದ್ರೂ ಕೇಳಬೇಕು ಅನ್ಸಿದ್ರೆ ಕೇಳಿ." ಅದಕ್ಕಿಂತ ಉದ್ದ ಮಾಡಲಿಲ್ಲ.

ನಮ್ಮ ಜನ ಕೇಳಿ ಸುಮ್ನೆ ಕೂರುವವರಲ್ಲ. ನುಗ್ಗೆಸೊಪ್ಪಿನ ಪಲ್ಯ ತಿನ್ನಿ ಎಂದರು. ಒಬ್ಬ ಅಜ್ಜಿ ಎಣ್ಣೆ ಸೀಸೆ ತಂದರು. ಆ ಪ್ರೀತಿ ನಿಜ. ಅದನ್ನು ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಆದರೆ ಅದರ ಜೊತೆ ಇನ್ನೊಂದು ಬರುತ್ತದೆ, ಅದನ್ನು ನಾವು ಗಮನಿಸಬೇಕು.

ಒಬ್ಬ ಹೆಂಗಸು ಬರುತ್ತಿದ್ದರು. ಅತ್ತೆ, ಮಾವ, ಮಕ್ಕಳು, ಮೈದುನ, ಎಲ್ಲರನ್ನೂ ನೋಡಿಕೊಂಡು ತಮ್ಮನ್ನು ಮರೆತವರು. ನನ್ನ ಕಾಯಿಲೆ ಗೊತ್ತಾದ ಮೇಲೆ ಅವರ ಸೆಷನ್ ಬದಲಾಯಿತು. "ಎಲ್ಲಾ ಚೆನ್ನಾಗಿದೆ ಮೇಡಂ" ಎಂದು ಬೇಗ ಮುಗಿಸಲು ಶುರು ಮಾಡಿದರು. ಒಂದು ಸಂಜೆ ಕಣ್ಣಲ್ಲಿ ನೀರು ತುಂಬಿತು, ಸೆರಗಿನಿಂದ ಒತ್ತಿಕೊಂಡು ನನ್ನ ಕೈ ನೋಡಿದರು. "ಇವತ್ತು ಬೇಡ ಬಿಡಿ ಮೇಡಂ. ನಿಮಗೇ ಇಷ್ಟು ನೋವು" ಎಂದರು.

"ನನ್ನ ಕೈ ನೋಡ್ಕೊಳೋಕೆ ಡಾಕ್ಟರ್ ಇದಾರೆ" ಎಂದೆ. "ಈ ಒಂದು ಗಂಟೇಲಿ ಅದು ನಿಮ್ಮ ಜವಾಬ್ದಾರಿ ಅಲ್ಲ. ಮನೇಲೂ ಹೀಗೇ ಅಲ್ವಾ, ಎದುರಿಗಿರೋರ ಮುಖ ನೋಡಿ ನಿಮ್ಮ ಅಳು ನುಂಗೋದು?"

ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಅತ್ತರು. ಅವರು ನನ್ನ ಮುಂದೆ ಪೂರ್ತಿ ಅತ್ತದ್ದು ಅದೇ ಮೊದಲು. ನಾನು ಕಾಯಿಲೆ ಮುಚ್ಚಿಟ್ಟಿದ್ದರೆ ಈ ಮಾತು ಬರುತ್ತಲೇ ಇರಲಿಲ್ಲ.

ಮದುವೆ ವಿಷಯ ಯಾರಿಗೂ ಹೇಳಲಿಲ್ಲ. ಇದಕ್ಕೆ ಕಾರಣ ನಾಚಿಕೆ ಅಲ್ಲ. ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನ ಮನೆ ಬಿಡಬೇಕೋ ಇರಬೇಕೋ ಎಂದು ತೂಗುತ್ತಿರುತ್ತಾರೆ. ನಾನು ಬಿಟ್ಟು ಬಂದೆ ಎಂದು ಗೊತ್ತಾದರೆ ಹೊರಡುವ ಮನಸ್ಸಿರುವವರಿಗೆ ಅದು ಅಪ್ಪಣೆ ಸಿಕ್ಕ ಹಾಗೆ. ಇರುವ ಮನಸ್ಸಿರುವವರು, ಇವರು ನಮ್ಮನ್ನೂ ಬಿಡಿಸುತ್ತಾರೆ ಎಂದು ಹೆದರುತ್ತಾರೆ. ಊದಿದ ಕೈ ಯಾರ ತೀರ್ಮಾನವನ್ನೂ ಬದಲಾಯಿಸುವುದಿಲ್ಲ. ಮುರಿದ ಮದುವೆ ಬದಲಾಯಿಸುತ್ತದೆ.

ಆದರೆ ನಮ್ಮೂರಲ್ಲಿ ಮದುವೆ ಮೈಮೇಲೇ ಕಾಣುತ್ತದಲ್ಲ. ನನ್ನ ಕೋಣೆಯಲ್ಲಿ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬರುತ್ತಾರೆ, ನಾನೂ ಬರಿಗಾಲು. ಕಾಲ್ಬೆರಳು ಊದಿದಾಗ ಕಾಲುಂಗುರ ಕತ್ತರಿಸಿ ತೆಗೆಸಬೇಕಾಯಿತು. ಆಗಿನ್ನೂ ಮದುವೆ ಇತ್ತು. ಬಳೆಗಳೂ ಮಣಿಕಟ್ಟು ದಾಟುತ್ತಿರಲಿಲ್ಲ. "ಕಾಲುಂಗುರ ಯಾಕಿಲ್ಲ ಮೇಡಂ?" ಎಂದು ಕೇಳಿದವರಿಗೆ ಊತದ ವಿಷಯ ಹೇಳಿದೆ. ಅದು ಪೂರ್ತಿ ನಿಜವಾಗಿತ್ತು. ಬೇರೆಯಾದ ಮೇಲೆ ತಾಳಿಯನ್ನೂ ತೆಗೆದೆ. ಆಗ ಅದೇ ಉತ್ತರ ಕೊಡುವ ಹಾಗಿರಲಿಲ್ಲ, ಕತ್ತಿಗೆ ಊತ ಇರಲಿಲ್ಲವಲ್ಲ. ಸುಳ್ಳು ಹೇಳಬಾರದು, ಪೂರ್ತಿ ಹೇಳಲೂಬಾರದು. ನನ್ನ ಸೂಪರ್‌ವೈಸರ್, ಅಂದರೆ ನನ್ನ ಕೇಸ್‌ಗಳ ಬಗ್ಗೆ ಸಲಹೆ ಕೊಡುವ ಹಿರಿಯ ಸಮಾಲೋಚಕರ ಜೊತೆ ಕೂತು ಮಾತನ್ನು ಮೊದಲೇ ಸಿದ್ಧ ಮಾಡಿಕೊಂಡೆ. ಒಬ್ಬ ಯುವತಿ ಕೇಳಿದಾಗ ಅದನ್ನೇ ಹೇಳಿದೆ: "ನನ್ನ ಮನೆ ವಿಷಯ ಇಲ್ಲಿ ಮಾತಾಡಬಾರದು ಅಂತ ಇಟ್ಕೊಂಡಿದೀನಿ. ಆದ್ರೆ ಅದನ್ನ ನೋಡಿ ನಿಮಗೆ ಏನನ್ನಿಸ್ತು, ಅದು ಮುಖ್ಯ." ಅವಳು ತನ್ನ ಅಮ್ಮನ ಬಗ್ಗೆ ಮಾತಾಡಲು ಶುರು ಮಾಡಿದಳು. ಹೊಡೆತ ತಿನ್ನುತ್ತಲೇ ತಾಳಿಗೆ ಅರಿಶಿನ ಹಚ್ಚುತ್ತಿದ್ದ ಅಮ್ಮ.

ಜೋಡಿಗಳ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದೆ. ಹೊಸ ಜೋಡಿಗಳನ್ನು ತೆಗೆದುಕೊಳ್ಳುವುದು ನಿಲ್ಲಿಸಿದೆ. ಕೊನೆಯ ಹಂತದಲ್ಲಿದ್ದವರನ್ನು ಮುಗಿಸಿದೆ. ಉಳಿದವರನ್ನು ಇನ್ನೊಬ್ಬ ಸಹೋದ್ಯೋಗಿಗೆ ಒಪ್ಪಿಸಿದೆ. ಫೋನ್ ನಂಬರ್ ಕೊಟ್ಟು ಕಳಿಸಿದರೆ ಜನ ಹೋಗುವುದಿಲ್ಲ. ಹಾಗಾಗಿ ಜೋಡಿ, ಸಹೋದ್ಯೋಗಿ, ನಾನು, ನಾಲ್ವರೂ ಒಟ್ಟಿಗೆ ಕೂತು ಒಂದು ಸೆಷನ್ ಮಾಡಿದೆವು. ಆರೋಗ್ಯದ ಕಾರಣ ಕೆಲಸ ಕಡಿಮೆ ಮಾಡುತ್ತಿದ್ದೇನೆ ಎಂದು ಹೇಳಿದೆ, ಅದೂ ನಿಜವೇ. ಈ ತೀರ್ಮಾನಕ್ಕೆ ಕಾರಣವಾದದ್ದು ಒಬ್ಬ ಗಂಡ ಹೇಳಿದ ಮಾತು, "ಇವಳಿಗೆ ನಾನೇನು ಕಮ್ಮಿ ಮಾಡಿದೀನಿ?" ಇದೇ ಮಾತನ್ನು ಹಿಂದಿನ ರಾತ್ರಿಯಷ್ಟೇ ನನ್ನ ಅಡುಗೆಮನೆಯಲ್ಲಿ ನನ್ನ ಯಜಮಾನರ ಬಾಯಿಂದ ಕೇಳಿದ್ದೆ. ಎದೆ ಬಡಿತ ಏರಿತು, ಕಿವಿ ಬಿಸಿಯಾಯಿತು. ನಾನು ಬಾಯಿ ಬಿಡಲಿಲ್ಲ, ಉಸಿರು ಎಳೆದುಕೊಂಡು ಅವನ ಹೆಂಡತಿಯತ್ತ ತಿರುಗಿದೆ. ಅದೇ ವಾರ ಸೂಪರ್‌ವಿಷನ್‌ಗೆ ಒಯ್ದೆ.

ಥೆರಪಿಸ್ಟ್ ಒಳಗೆ ಏಳುವ ಇಂಥ ಭಾವಕ್ಕೆ 1910ರಲ್ಲೇ ಮನೋವಿಶ್ಲೇಷಣೆ ಶುರು ಮಾಡಿದ ಸಿಗ್ಮಂಡ್ ಫ್ರಾಯ್ಡ್ ಹೆಸರು ಕೊಟ್ಟಿದ್ದರು, ಕೌಂಟರ್‌ಟ್ರಾನ್ಸ್‌ಫರೆನ್ಸ್ ಎಂದು. ಅವರಿಗೆ ಅದು ದಾಟಬೇಕಾದ ಅಡ್ಡಿ. 1950ರಲ್ಲಿ ಪೌಲಾ ಹೈಮನ್ ಎಂಬ ಮನೋವಿಶ್ಲೇಷಕಿ ಅದನ್ನು ಕ್ಲೈಂಟ್‌ನನ್ನು ಅರ್ಥ ಮಾಡಿಕೊಳ್ಳುವ ಸಾಧನ ಎಂದರು. ಇಬ್ಬರೂ ಹೇಳಿದ್ದು ನನಗೆ ಉಪಯೋಗಕ್ಕೆ ಬಂತು. "ಆ ಸಿಟ್ಟಿನಲ್ಲಿ ಆ ಹೆಂಡತಿಯದು ಎಷ್ಟು, ನಿನ್ನದು ಎಷ್ಟು?" ಎಂದು ಸೂಪರ್‌ವೈಸರ್ ಕೇಳಿದರು. ಮುಕ್ಕಾಲು ಭಾಗ ನನ್ನದೇ ಎಂದೆ. "ಹಾಗಾದರೆ ಸದ್ಯಕ್ಕೆ ಜೋಡಿಗಳು ಬೇಡ" ಎಂದರು. ಅಷ್ಟು ನೇರವಾಗಿ ಹೇಳುವ ಒಬ್ಬರು ನಮಗೆ ಬೇಕೇ ಬೇಕು.

ನಾನೂ ಥೆರಪಿಗೆ ಹೋದೆ. ಮೈಸೂರಿನಲ್ಲಿ ಈ ಕೆಲಸದವರೆಲ್ಲ ಪರಿಚಯ, ಹಾಗಾಗಿ ಬೇರೆ ಊರಿನವರನ್ನು ಹುಡುಕಿ ವಿಡಿಯೋದಲ್ಲಿ ಮಾತಾಡಿದೆ. ಕನ್ನಡದವರೇ ಬೇಕಿತ್ತು. ಅತ್ತೆಮನೆ, ನಾದಿನಿ, ಸೀಮಂತದ ಜಗಳ ಎಂದರೆ ಏನು ಎಂದು ವಿವರಿಸುತ್ತಾ ಕೂರುವ ಶಕ್ತಿ ನನಗಿರಲಿಲ್ಲ. ಥೆರಪಿಸ್ಟ್ ಆಗಿ ಥೆರಪಿಗೆ ಹೋಗಲು ಸಂಕೋಚ ಪಡುವವರು ಅಮೆರಿಕದ ಹೆಸರಾಂತ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ವಿಷಯ ತಿಳಿದಿರಬೇಕು. ಷಿಕಾಗೋದಲ್ಲಿ ಹೆಸರು ಮಾಡಿದ್ದ ಕಾಲದಲ್ಲೇ ಒಬ್ಬ ಕ್ಲೈಂಟ್ ಜೊತೆಗಿನ ಕೆಲಸದಲ್ಲಿ ಅವರು ಕುಸಿದರು, ಹೆಂಡತಿಯ ಜೊತೆ ಊರು ಬಿಟ್ಟು ಹೋಗಿ, ತಿರುಗಿ ಬಂದು ತಮ್ಮ ಬಳಗದ ಒಬ್ಬರಿಂದಲೇ ಥೆರಪಿ ಪಡೆದರು. ಅವರಿಗೇ ಬೇಕಾಯಿತು ಎಂದರೆ ನಮ್ಮದೇನು?

ಕೋರ್ಟಿನ ದಿನ ಯಾವ ಸೆಷನ್ನೂ ಇಟ್ಟುಕೊಳ್ಳುತ್ತಿರಲಿಲ್ಲ, ಮರುದಿನ ಅರ್ಧ ದಿನವೂ ಇಲ್ಲ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಪ್ರಕಾರ ಇಬ್ಬರೂ ಒಪ್ಪಿ ವಿಚ್ಛೇದನದ ಅರ್ಜಿ ಹಾಕಲು ಒಂದು ವರ್ಷ ಬೇರೆ ಇರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ಕೋರ್ಟ್ ಬಿಟ್ಟುಕೊಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾವು ಕೇಳಲಿಲ್ಲ, ಕಾದೆವು. ಆ ಸಮಯ ನನಗೆ ಬೇಕಾಗಿಯೂ ಇತ್ತು.

ನಾನು ಸಿಗದ ದಿನಗಳಿಗೆ ಏರ್ಪಾಡು ಬೇಕಿತ್ತು. ಸಾಯುವ ಯೋಚನೆ ಬರುತ್ತಿದ್ದ ಕ್ಲೈಂಟ್‌ಗಳಿಗೆ ಟೆಲಿ ಮಾನಸ್ ನಂಬರ್ 14416 ಅನ್ನು ಕಾಗದದಲ್ಲಿ ಬರೆದುಕೊಟ್ಟೆ, ಅವರ ಮನೆಯ ಒಬ್ಬರಿಗೂ ಅವರ ಒಪ್ಪಿಗೆ ಕೇಳಿ ತಿಳಿಸಿದೆ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ. ದುಡ್ಡಿಲ್ಲ, ಇಡೀ ದಿನ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ನಾನು ಇದ್ದಕ್ಕಿದ್ದ ಹಾಗೆ ಆಸ್ಪತ್ರೆ ಸೇರಿದರೆ ಯಾರಿಗೆ ಫೋನ್ ಮಾಡಬೇಕು, ಯಾರಿಗೆ ಮೊದಲು, ಏನು ಹೇಳಬೇಕು ಎಂದು ಬರೆದು, ಅಂಟಿಸಿದ ಲಕೋಟೆಯಲ್ಲಿ ಸಹೋದ್ಯೋಗಿಗೆ ಕೊಟ್ಟಿದ್ದೇನೆ. ಪಟ್ಟಿ ಬದಲಾದಾಗ ಲಕೋಟೆಯೂ ಬದಲಾಗುತ್ತದೆ. ಇದಕ್ಕೆ ಕ್ಲೈಂಟ್‌ಗಳ ಒಪ್ಪಿಗೆಯನ್ನು ಮೊದಲ ಸೆಷನ್‌ನಲ್ಲೇ ಕೇಳುತ್ತೇನೆ. ಆರೋಗ್ಯ ಚೆನ್ನಾಗಿರುವವರೂ ಇದನ್ನು ಮಾಡಬೇಕು ಎಂದು ನನ್ನ ಗಟ್ಟಿ ಅಭಿಪ್ರಾಯ.

ಈಗ ಔಷಧಿ ಹಿಡಿದಿದೆ. ಮತ್ತೆ ಜೋಡಿಗಳನ್ನು ನೋಡುತ್ತಿದ್ದೇನೆ. ಶುರು ಮಾಡುವ ಮುಂಚೆ ಸೂಪರ್‌ವೈಸರ್ ಒಂದೇ ಪ್ರಶ್ನೆ ಕೇಳಿದರು, ಗಂಡನ ಕಡೆಯ ಕತೆ ಕೇಳುವಾಗ ನಿನಗೆ ಇನ್ನೂ ತಿಳಿಯಬೇಕು ಅನ್ನಿಸುತ್ತಾ, ಇಲ್ಲ ಮೊದಲೇ ಗೊತ್ತು ಅನ್ನಿಸುತ್ತಾ ಎಂದು. ಈಗ ಪ್ರತಿ ಜೋಡಿಯ ಮೊದಲ ಸೆಷನ್ ಮುಗಿದ ಮೇಲೆ ಆ ಪ್ರಶ್ನೆಯನ್ನು ನಾನೇ ಕೇಳಿಕೊಂಡು, ಉತ್ತರವನ್ನು ನೋಟ್ಸ್‌ನಲ್ಲಿ ಒಂದು ಸಾಲು ಬರೆಯುತ್ತೇನೆ. ಮೊದಲೇ ಗೊತ್ತು ಎಂದು ಉತ್ತರ ಬಂದ ಜೋಡಿಗಳನ್ನು ಈಗಲೂ ಸಹೋದ್ಯೋಗಿಯ ಹತ್ತಿರ ಕಳಿಸುತ್ತೇನೆ.