ಸುಳಿಗಾಳಿ ಬಂದಾಗ ಕಣ್ಣುಜ್ಜಬೇಡಿ

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುತ್ತಿದ್ದಂತೆ ಮಂಡ್ಯದ ಬಯಲುಗಳಲ್ಲಿ ಸುಳಿಗಾಳಿ ಏಳತೊಡಗುತ್ತದೆ. ನಾಲೆಯ ನೀರು ಕಾಣದ ನಾಗಮಂಗಲದ ಹೊಲಗಳಲ್ಲಿ, ಕೊಯ್ಲಾದ ಗದ್ದೆಗಳಲ್ಲಿ, ಶಾಲೆಯ ಮೈದಾನದಲ್ಲಿ ನಡುಹಗಲಿಗೆ ಮಣ್ಣು ಗಿರಗಿರನೆ ತಿರುಗಿ ಕಂಬದಂತೆ ಎದ್ದು ನಿಲ್ಲುತ್ತದೆ. ಸಾಮಾನ್ಯವಾಗಿ ಕೆಲವೇ ನಿಮಿಷ, ಅಷ್ಟೇ. ಗಾಳಿ ತಾನಾಗಿ ಅಡಗುತ್ತದೆ. ಅದು ಹೋದ ಮೇಲೆ ನಮ್ಮ ಕೈಯಿಂದಲೇ ಆಗುವ ಕೇಡನ್ನು ತಪ್ಪಿಸಲು ಈ ಲೇಖನ ಬರೆಯುತ್ತಿದ್ದೇನೆ.

ನನ್ನ ಚಿಕ್ಕಪ್ಪ ಬೇಸಿಗೆ ಭತ್ತ ತೂರುತ್ತಿದ್ದಾಗ ಕಣದ ಮೇಲೆಯೇ ಸುಳಿಗಾಳಿ ಹಾದುಹೋಯಿತು. ಎಡಗಣ್ಣಿಗೆ ಹೊಟ್ಟು ಬಿತ್ತು. ಹೆಗಲ ಮೇಲಿನ ಟವೆಲ್ಲಿನಿಂದ ಚೆನ್ನಾಗಿ ಉಜ್ಜಿದರು. ಸಂಜೆಗೆ ಕಣ್ಣು ಕೆಂಪಾಯಿತು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಹನಿ ಹಾಕಿಕೊಂಡರು. ಎರಡು ದಿನ ಉರಿ ಕಡಿಮೆಯಾಯಿತು. ಐದನೆಯ ದಿನ ಕರಿಗುಡ್ಡೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ ಕಾಣಿಸಿತು. ತಿಂಗಳುಗಟ್ಟಲೆ ಚಿಕಿತ್ಸೆಯಾದರೂ ಆ ಕಣ್ಣಿಗೆ ಇಂದಿಗೂ ಎಲ್ಲವೂ ಮಂಜು. ಆ ಚುಕ್ಕೆಯನ್ನು ನೋಡಿದ ಮೇಲೆ ಕಣ್ಣುಜ್ಜುವವರ ಕೈ ಹಿಡಿದು ನಿಲ್ಲಿಸುವುದು ನನಗೆ ರೂಢಿಯಾಗಿದೆ.

ಮೊದಲ ಹೆಜ್ಜೆ: ಗುರುತಿಸುವುದು

ನಮ್ಮೂರುಗಳಲ್ಲಿ ಇದನ್ನೂ ಸುಂಟರಗಾಳಿ ಎನ್ನುತ್ತಾರೆ. ಆದರೆ ಪತ್ರಿಕೆಗಳಲ್ಲಿ ಓದುವ, ಮೋಡದಿಂದ ಇಳಿದು ಊರನ್ನೇ ಕೆಡವುವ ಸುಂಟರಗಾಳಿ ಬೇರೆ. ಸುಳಿಗಾಳಿ ನೆಲದಿಂದ ಮೇಲಕ್ಕೆ ಏಳುತ್ತದೆ, ಅದಕ್ಕೆ ಮೋಡ ಬೇಕಿಲ್ಲ, ಬಿಸಿಲು ಬೇಕು. ಬರಿಯ ನೆಲ ನಡುಬೇಸಿಗೆಯಲ್ಲಿ 50 ಡಿಗ್ರಿ ದಾಟಿ ಕಾಯುವುದುಂಟು. ನೆಲಕ್ಕೆ ಅಂಟಿದ ಬಿಸಿ ಗಾಳಿ ಮೇಲಕ್ಕೆ ನುಗ್ಗುತ್ತದೆ, ಸುತ್ತಲಿನ ಗಾಳಿ ಆ ಜಾಗಕ್ಕೆ ಓಡಿಬರುತ್ತದೆ. ಓಡಿಬಂದದ್ದು ಸ್ವಲ್ಪ ಓರೆಯಾದರೂ ಸಾಕು, ಸುಳಿ ಕಟ್ಟುತ್ತದೆ. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ, ಗಾಳಿ ಮಂದವಾಗಿರುವ ದಿನ, ಎಚ್ಚರವಿರಲಿ.

ನನ್ನ ಅಜ್ಜಿ ಇದನ್ನು ದೆವ್ವದ ಗಾಳಿ ಎಂದು ಕರೆದು, ಮೂರು ಸಲ ಉಗಿದು ಪಕ್ಕಕ್ಕೆ ಸರಿಯುತ್ತಿದ್ದರು. ಪಕ್ಕಕ್ಕೆ ಸರಿಯುತ್ತಿದ್ದುದು ಸರಿಯಾದ ಕೆಲಸವೇ. ಹೆದರುವ ಮಕ್ಕಳಿಗೆ ನಾನು ಮಂಗಳ ಗ್ರಹದ ಮಾತು ಹೇಳುತ್ತೇನೆ: ಅಲ್ಲೂ ಇಂಥ ಸುಳಿಗಾಳಿ ಏಳುತ್ತದೆ, 2021ರಲ್ಲಿ ಪರ್ಸಿವಿಯರೆನ್ಸ್ ಎಂಬ ನೌಕೆಯ ಮೇಲೆಯೇ ಒಂದು ಹಾದುಹೋದಾಗ ಅದರ ಸದ್ದು ಮೈಕಿನಲ್ಲಿ ದಾಖಲಾಯಿತು. ಮಕ್ಕಳು ಹೆದರಿಕೆ ಬಿಟ್ಟು ಪ್ರಶ್ನೆ ಕೇಳಲು ಶುರುಮಾಡುತ್ತಾರೆ.

ಎರಡನೆಯದು: ದಾರಿ ಬಿಡುವುದು

ಸುಳಿಯ ಹಿಂದಿರುವ ತೆಂಗಿನ ಮರವನ್ನೋ ವಿದ್ಯುತ್ ಕಂಬವನ್ನೋ ಗುರುತಿಟ್ಟುಕೊಳ್ಳಿ. ಸುಳಿ ಆ ಗುರುತಿನಿಂದ ಎಡಕ್ಕೋ ಬಲಕ್ಕೋ ಸರಿಯುತ್ತಿದ್ದರೆ ನಿಮ್ಮನ್ನು ತಪ್ಪಿಸಿ ಹೋಗುತ್ತದೆ. ಗುರುತಿನ ನೇರಕ್ಕೇ ನಿಂತು ದೊಡ್ಡದಾಗುತ್ತಾ ಬಂದರೆ ನಿಮ್ಮತ್ತಲೇ ಬರುತ್ತಿದೆ. ಆಗ ಅದರ ಮುಂದೆ ಓಡದೆ ಅಡ್ಡಲಾಗಿ ಇಪ್ಪತ್ತು ಮೂವತ್ತು ಹೆಜ್ಜೆ ಸರಿಯಿರಿ. ಆಗದಿದ್ದರೆ ಬೆನ್ನು ತಿರುಗಿಸಿ ಕುಳಿತು, ಕಣ್ಣು ಮುಚ್ಚಿ, ಮುಖವನ್ನು ಮೊಣಕೈ ಮಡಿಕೆಯಲ್ಲಿ ಹುದುಗಿಸಿ.

ಬೈಕಿನಲ್ಲಿರುವವರು ವೇಗ ತಗ್ಗಿಸಿ, ಬದಿಗೆ ಬಂದು ನಿಲ್ಲಿಸಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕುಗಳಿಗೆ ಪ್ರವೇಶವಿಲ್ಲ, ಹಾಗಾಗಿ ಬೈಕಿನವರೆಲ್ಲ ಧೂಳಿನ ಸರ್ವಿಸ್ ರಸ್ತೆಯಲ್ಲೇ ಇರುತ್ತಾರೆ. ಮುಖ ಪೂರ್ತಿ ಮುಚ್ಚುವ, ಗಾಜಿರುವ ಹೆಲ್ಮೆಟ್ಟೇ ಬೇಕು. ಫುಟ್‌ಪಾತಿನಲ್ಲಿ ಸಿಗುವ ಅಗ್ಗದ ಕಪ್ಪು ಕನ್ನಡಕ ಬೇಡ, ಪಕ್ಕಗಳಿಂದ ನುಗ್ಗಿದ ಧೂಳು ಗಾಜಿನ ಒಳಗೇ ಸುತ್ತುತ್ತದೆ.

ಮೂರನೆಯದು: ವಸ್ತುಗಳ ಆಸೆ ಬಿಡುವುದು

ಸಂಡಿಗೆ ಹೋದರೆ ಹೋಗಲಿ. ಹಾರುತ್ತಿರುವ ಟಾರ್ಪಾಲಿನ ತುದಿ ಹಿಡಿಯಬೇಡಿ. ತಗಡಿನ ಚಾವಣಿಯ ಮೇಲೆ ಕಲ್ಲು ಹೇರಿದ್ದರೆ ಇಳಿಸಿ, ಶೀಟಿಗೆ ಬೋಲ್ಟ್ ಹಾಕಿಸಿ. ಗಾಳಿಗೆ ಶೀಟು ಎದ್ದರೆ ಆ ಕಲ್ಲು ಬೀಳುವುದು ಕೆಳಗಿರುವವರ ತಲೆಯ ಮೇಲೆ.

ಶಾಮಿಯಾನದ ವಿಷಯ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಮದುವೆ ಮನೆಗಳಲ್ಲಿ ಗಾಳಿ ಎದ್ದೊಡನೆ ನಾಲ್ಕು ಜನ ಯುವಕರು ಓಡಿಹೋಗಿ ಕಂಬಗಳನ್ನು ಅಪ್ಪಿಕೊಳ್ಳುತ್ತಾರೆ. ಬಟ್ಟೆ ಗಾಳಿ ತುಂಬಿಕೊಂಡಾಗ ಮನುಷ್ಯನ ತೂಕ ಲೆಕ್ಕಕ್ಕಿಲ್ಲ, ಕಂಬ ಗೂಟದಿಂದ ಕಿತ್ತು ತಿರುಗಿ ಹೊಡೆಯುತ್ತದೆ. ಅಮೆರಿಕದ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ 2000ನೇ ಇಸವಿಯ ಸೆಪ್ಟೆಂಬರ್ 14ರಂದು ಜಾತ್ರೆ ಮೈದಾನಕ್ಕೆ ನುಗ್ಗಿದ ಸುಳಿಗಾಳಿಯ ವೇಗ ಗಂಟೆಗೆ ಸುಮಾರು 120 ಕಿಲೋಮೀಟರ್ ಎಂದು ಅಂದಾಜಿಸಲಾಗಿತ್ತು. ಡೇರೆಗಳು ಹಾರಿ ಹಲವರು ಗಾಯಗೊಂಡರು. ಕಂಬ ಬಿಡಿ, ಅಜ್ಜ ಅಜ್ಜಿಯರನ್ನೂ ಮಕ್ಕಳನ್ನೂ ಹೊರಗೆ ಕರೆತನ್ನಿ. ಮಕ್ಕಳಿಗಾಗಿ ಗಾಳಿ ತುಂಬಿ ನಿಲ್ಲಿಸುವ ಜಾರುಬಂಡೆ, ಕೋಟೆಗಳಿಂದ ಮೊದಲು ಇಳಿಸಿ.

ನಾಲ್ಕನೆಯದು: ಕಣ್ಣು

ಎಲ್ಲರೂ ಎಡವುವುದು ಇಲ್ಲಿಯೇ. ನಿಧಾನವಾಗಿ ಓದಿ.

ಕಣ್ಣಿಗೆ ಕಸ ಬಿದ್ದೊಡನೆ ಕೈ ತಾನಾಗಿ ಮೇಲೇರುತ್ತದೆ. ಮಗುವಾದರೆ ಅದರ ಎರಡೂ ಕೈಗಳನ್ನು ಮೃದುವಾಗಿ ಹಿಡಿದುಕೊಳ್ಳಿ. ಮರಳಿನ ಕಣ ರೆಪ್ಪೆಯ ಕೆಳಗಿದ್ದಾಗ ಉಜ್ಜಿದರೆ ಕರಿಗುಡ್ಡೆಯ ಮೇಲಿನ ತೆಳು ಪೊರೆಗೆ ಗೀರು ಬೀಳುತ್ತದೆ. ಮೊದಲು ಕಣ್ಣೀರಿಗೆ ಅವಕಾಶ ಕೊಡಿ: ಪಟಪಟನೆ ರೆಪ್ಪೆ ಬಡಿಯುತ್ತಿರಲಿ. ಎಷ್ಟೋ ಸಲ ಕಸ ಮೂಗಿನ ಕಡೆಯ ಮೂಲೆಗೆ ತಾನಾಗಿ ಬಂದು ನಿಲ್ಲುತ್ತದೆ.

ಬರದಿದ್ದರೆ ನೀರು. ಮುಟ್ಟುವವರು ಸೋಪಿನಿಂದ ಕೈ ತೊಳೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಬೇಕು. ಕುದಿಸಿ ಆರಿಸಿದ ನೀರು ಒಳ್ಳೆಯದು, ಇಲ್ಲದಿದ್ದರೆ ಕುಡಿಯುವ ನೀರು. ನಾಲೆ, ಕೆರೆಯ ನೀರು ಬೇಡ. ನೀರಿಗೆ ಉಪ್ಪು ಹಾಕಬೇಡಿ. ಬಟ್ಟಲಿನಲ್ಲಿ ಕಣ್ಣು ಅದ್ದುವುದು ನನಗೆ ಒಪ್ಪಿಗೆಯಿಲ್ಲ, ಬಿಟ್ಟ ಕಸ ಅದೇ ನೀರಿನಲ್ಲಿರುತ್ತದೆ. ಮುಖಕ್ಕೆ ರಪ್ಪನೆ ಎರಚುವುದೂ ಪ್ರಯೋಜನವಿಲ್ಲ. ಎರಚಿದಾಗ ಕಣ್ಣು ಮುಚ್ಚಿಯೇ ಇರುತ್ತದೆ. ಮೂತಿಯಿರುವ ಹಳೆಯ ಗಿಂಡಿ ಮನೆಯಲ್ಲಿದ್ದರೆ ತೊಳೆದು ಅದನ್ನೇ ಬಳಸಿ. ಅದರ ಸಣ್ಣ ಧಾರೆಗೆ ಸಾಟಿಯಿಲ್ಲ.

ನೋಯುವ ಕಣ್ಣು ಕೆಳಗಾಗುವಂತೆ ತಲೆಯನ್ನು ಪಕ್ಕಕ್ಕೆ ವಾಲಿಸಿ. ಬೆರಳಿನಿಂದ ರೆಪ್ಪೆಗಳನ್ನು ಬಿಡಿಸಿ ಹಿಡಿದು, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಬಿಡಿ. ತಲೆ ನೆಟ್ಟಗಿದ್ದರೆ ಕೊಳೆ ಮೂಗಿನ ಮೇಲಿಂದ ಇನ್ನೊಂದು ಕಣ್ಣಿಗೆ ಹರಿಯುತ್ತದೆ. ಕೆಲವು ನಿಮಿಷ ಬಿಡಿ, ಮಧ್ಯೆ ಮಧ್ಯೆ ಮೇಲೆ, ಕೆಳಗೆ, ಪಕ್ಕಕ್ಕೆ ನೋಡಲು ಹೇಳಿ. ಕಟ್ಟಡದ ಕೆಲಸ ನಡೆಯುವ ಜಾಗದಲ್ಲಿ ಸುಣ್ಣವೋ ಸಿಮೆಂಟೋ ಬಿದ್ದಿದ್ದರೆ ಕನಿಷ್ಠ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ.

ಪ್ರತಿ ಸಲ ರೆಪ್ಪೆ ಬಡಿದಾಗಲೂ ಅದೇ ಜಾಗದಲ್ಲಿ ಚುಚ್ಚುತ್ತಿದ್ದರೆ ಕಸ ಮೇಲಿನ ರೆಪ್ಪೆಯ ಒಳಗೆ ಕುಳಿತಿರಬಹುದು. ಕೆಳಕ್ಕೆ ನೋಡುತ್ತಾ, ಮೇಲಿನ ರೆಪ್ಪೆಯ ಕೂದಲು ಹಿಡಿದು ಮೆಲ್ಲನೆ ಮುಂದಕ್ಕೆಳೆದು ಕೆಳಗಿನ ರೆಪ್ಪೆಯ ಮೇಲೆ ಹೊದಿಸಿ ಬಿಡಿ. ಕೆಳಗಿನ ಕೂದಲು ಪೊರಕೆಯಂತೆ ಗುಡಿಸುತ್ತದೆ. ಎರಡು ಮೂರು ಸಲ ಮಾಡಿ ಮತ್ತೆ ನೀರು ಬಿಡಿ. ಕೆಳಗಿನ ರೆಪ್ಪೆಯ ಒಳಗೆ ಕಸ ಕಂಡರೆ ಶುಭ್ರವಾದ ಒದ್ದೆ ಬಟ್ಟೆಯ ತುದಿಯಿಂದ ಎತ್ತಬಹುದು. ಕರಿಗುಡ್ಡೆಯ ಮೇಲೆ ಕಂಡರೆ ಯಾರೂ ಮುಟ್ಟಬಾರದು, ವೈದ್ಯರನ್ನು ಬಿಟ್ಟು.

ಸೆರಗಿನ ತುದಿಯನ್ನು ಉಂಡೆಮಾಡಿ, ಬಾಯಲ್ಲಿ ಬಿಸಿಯಾಗಿ ಊದಿ, ಕಣ್ಣಿಗೆ ಒತ್ತುವ ಅಮ್ಮಂದಿರ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಆದರೂ ಬೇಡ. ನಾಲಿಗೆಯಿಂದ ಕಸ ತೆಗೆಯುವುದು, ಎದೆಹಾಲು, ಹರಳೆಣ್ಣೆ, ಜೇನು, ಸೊಪ್ಪಿನ ರಸ, ರೋಸ್ ವಾಟರ್ ಯಾವುದೂ ಬೇಡ. ಎಲ್ಲಕ್ಕಿಂತ ಅಪಾಯ ಚೀಟಿಯಿಲ್ಲದೆ ತರುವ ಸ್ಟೀರಾಯ್ಡ್ ಹನಿ. ಹೊಟ್ಟು, ಎಲೆಚೂರು ತಾಗಿ ಗೀರಾದ ಕಣ್ಣಿಗೆ ಬೂಷ್ಟಿನ ಸೋಂಕು ಅಂಟಬಹುದು. ಸ್ಟೀರಾಯ್ಡ್ ಕೆಂಪನ್ನು ಇಳಿಸಿ ವಾಸಿಯಾದಂತೆ ತೋರಿಸುತ್ತದೆ, ಒಳಗೆ ಸೋಂಕು ಬೆಳೆಯುತ್ತಲೇ ಇರುತ್ತದೆ.

ಐದನೆಯದು: ಮರುದಿನ ನೋಡುವುದು

ಕಸ ಹೋದ ಮೇಲೂ ಸ್ವಲ್ಪ ಹೊತ್ತು ಮರಳಿದ್ದಂತೆ ಅನ್ನಿಸುವುದುಂಟು, ಸಣ್ಣ ಗೀರಿನ ನೋವು ಅದು. ಬೆಳಿಗ್ಗೆ ಬಾಗಿಲ ಬೆಳಕಿನಲ್ಲಿ ನಿಲ್ಲಿಸಿ ನೋಡಿ. ನೋವು ಹೆಚ್ಚಿದ್ದರೆ, ಬೆಳಕಿಗೆ ಕಣ್ಣು ಬಿಡಲಾಗದಿದ್ದರೆ, ನೋಟ ಮಂಜಾಗಿದ್ದರೆ, ಕೀವು ಬರುತ್ತಿದ್ದರೆ, ಬಿಳಿ ಚುಕ್ಕೆ ಕಂಡರೆ ಅಂದೇ ಕಣ್ಣಿನ ವೈದ್ಯರ ಬಳಿಗೆ ಹೋಗಿ. ಬಿದ್ದದ್ದು ಹೊಟ್ಟು ಅಥವಾ ಎಲೆಚೂರಾಗಿದ್ದರೆ ಇವುಗಳಿಗೆ ಕಾಯಲೂ ಬೇಡಿ. ಮಂಡ್ಯದ ಮಿಮ್ಸ್‌ನಲ್ಲೂ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಕಣ್ಣಿನ ವಿಭಾಗವಿದೆ. ಕಣ್ಣಿಗೆ ಏನು ಬಿತ್ತು, ಯಾವಾಗ ಬಿತ್ತು, ಯಾವ ಹನಿ ಹಾಕಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ಹನಿಯ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.